ಊರಿನ ಸೌದೆ ನೆಡುತೋಪು: ಸಮುದಾಯದ್ದೋ, ಕುಟುಂಬದ್ದೋ?

1976ರಲ್ಲಿ ರಾಷ್ಟ್ರೀಯ ಕೃಷಿ ಆಯೋಗವು ಸಾಮಾಜಿಕ ಅರಣ್ಯವನ್ನು ಶಿಫಾರಸು ಮಾಡಿದಾಗ ಹಳ್ಳಿಗರ ಸೌದೆ, ಮೇವಿನ ಕೊರತೆ ನೀಗುವುದು ಮುಖ್ಯ ಗುರಿಯಾಗಿತ್ತು. ಆದರೆ 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ಕೋಲಾರದ ರೈತರು ಸ್ವಂತ ಹೊಲದಲ್ಲಿ ಬೆಳೆದ ನೀಲಗಿರಿ, ಒಲೆಗಿಂತ ಹೆಚ್ಚಾಗಿ ಕಾಗದ, ರೇಯಾನ್ ಕಾರ್ಖಾನೆಗಳಿಗೆ ಹೋಯಿತು. ಇದರಲ್ಲಿ ರೈತನ ತಪ್ಪಿಲ್ಲ. ಒಳ್ಳೆಯ ಬೆಲೆ ಸಿಗುವ ಮರವನ್ನು ಯಾರೂ ಸುಡುವುದಿಲ್ಲ. ಕುಟುಂಬದ ಒಡೆತನ ಗಿಡವನ್ನು ಉಳಿಸುತ್ತದೆ, ನಿಜ. ಆದರೆ ಭೂಹೀನರಿಗೆ ಅದರಿಂದ ಸೌದೆ ಸಿಗುವ ಖಾತರಿಯಿಲ್ಲ.

ಹಾಗಾದರೆ ಸಾಮೂಹಿಕ ಭೂಮಿಯೇ ಉತ್ತರವೇ? ಎಲ್ಲರದೂ ಆದದ್ದು ಹಾಳಾಗುತ್ತದೆ ಎಂದು 1968ರಲ್ಲಿ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ವಾದಿಸಿದರು. ಆದರೆ ಬಳಕೆದಾರರು ಯಾರೆಂಬುದು ಖಚಿತವಾಗಿ, ನಿಯಮಗಳನ್ನು ಅವರೇ ರೂಪಿಸಿದರೆ ಸಾಮೂಹಿಕ ಸಂಪತ್ತು ಉಳಿಯುತ್ತದೆ ಎಂದು ಎಲಿನಾರ್ ಆಸ್ಟ್ರಮ್ ತೋರಿಸಿದರು (ಅರ್ಥಶಾಸ್ತ್ರದ ನೊಬೆಲ್, 2009). ನಮ್ಮಲ್ಲಂತೂ ಗೋಮಾಳ, ಬೆಟ್ಟಗಳಿಗೆ ಅಪಾಯ ಬಂದದ್ದು ಹಳ್ಳಿಗರಿಂದಷ್ಟೇ ಅಲ್ಲ. 1984ರಲ್ಲಿ ಕರ್ನಾಟಕ ಸರ್ಕಾರ ಮತ್ತು ರೇಯಾನ್ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಜಂಟಿಯಾಗಿ ಸ್ಥಾಪಿಸಿದ ಕರ್ನಾಟಕ ಪಲ್ಪ್‌ವುಡ್ಸ್‌ಗೆ ಇಂಥ ಭೂಮಿ ಹೋದಾಗ, 1987ರಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. 1991ರಲ್ಲಿ ಕಂಪನಿ ಮುಚ್ಚಿತು. ಆದ್ದರಿಂದ ಸೌದೆಗೆ ಸಮುದಾಯದ ಒಡೆತನವೇ ಸೂಕ್ತ. ಆದರೆ ಕಡಿಯುವ, ಹಂಚುವ ಅಧಿಕಾರ ಅರಣ್ಯ ಇಲಾಖೆಯ ಕಡತದಲ್ಲಿರದೆ ಬಳಸುವ ಮನೆಗಳ ಕೈಯಲ್ಲಿರಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯದ ಅರಣ್ಯ ಸಂಪನ್ಮೂಲವನ್ನು ರಕ್ಷಿಸುವ, ನಿರ್ವಹಿಸುವ ಹಕ್ಕನ್ನು ಮಾನ್ಯಮಾಡಿದೆ.