ಕಾಗದದ ಹಾಳೆಯೂ ಹಿಮ್ಮಾಹಿತಿಯೂ

ಕಾಳೀ ನದಿಯ ದಂಡೆಯಲ್ಲಿರುವ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯಲ್ಲಿ 1959ರಲ್ಲಿ ಉತ್ಪಾದನೆ ಆರಂಭವಾಯಿತು. ಅಲ್ಲಿಯದಾಗಲಿ ಬೇರೆಡೆಯದಾಗಲಿ, ಕಾಗದದ ಕಟ್ಟಿನ ಮೇಲೆ ಚದರ ಮೀಟರಿಗೆ 80 ಗ್ರಾಂ ಎಂದು ಮುದ್ರಿಸಿರುವುದನ್ನು ವಾಚಕರು ನೋಡಿರಬಹುದು. ಎ-4 ಅಳತೆಯ 16 ಹಾಳೆಗಳು ಸೇರಿದರೆ ಒಂದು ಚದರ ಮೀಟರ್ ಆಗುವುದರಿಂದ, ಅಂಥ ಒಂದು ಹಾಳೆ 5 ಗ್ರಾಂ ತೂಗಬೇಕು. ಯಂತ್ರದಲ್ಲಿ ಎಡೆಬಿಡದೆ ಓಡುವ ಕಾಗದವನ್ನು ತಕ್ಕಡಿಯಲ್ಲಿಡುವುದು ಸಾಧ್ಯವಿಲ್ಲವಷ್ಟೆ. ಆದುದರಿಂದ ಇಂದಿನ ಕಾರ್ಖಾನೆಗಳಲ್ಲಿ ಹಾಳೆಯ ಒಂದು ಮಗ್ಗುಲಿನಿಂದ ಬೀಟಾ ಕಿರಣಗಳನ್ನು ಹಾಯಿಸಿ, ಇನ್ನೊಂದು ಮಗ್ಗುಲಿಗೆ ಎಷ್ಟು ದಾಟಿ ಬಂದುವೆಂದು ಅಳೆಯುವುದುಂಟು. ಕಾಗದ ಭಾರವಾದಷ್ಟೂ ದಾಟುವ ಕಿರಣಗಳು ಕಡಮೆ. ಈ ಅಳತೆಯನ್ನನುಸರಿಸಿ ಯಂತ್ರದ ಮೊದಲ ತುದಿಯಲ್ಲಿ ತಿರುಳಿನ ಹರಿವನ್ನು ತಿದ್ದುವರು. ಫಲವನ್ನು ಕಂಡು ಕಾರಣವನ್ನು ತಿದ್ದುವ ಈ ಏರ್ಪಾಡಿನಲ್ಲಿ ಹಿಂದಿರುಗಿ ಬರುವ ಸುದ್ದಿಗೆ ಹಿಮ್ಮಾಹಿತಿ, ಎಂದರೆ ಫೀಡ್‌ಬ್ಯಾಕ್, ಎಂದು ಹೆಸರು.

ತೊಡಕಿರುವುದು ಕಾಲದಲ್ಲಿ. ಮಿನಿಟಿಗೆ 600 ಮೀಟರ್ ಓಡುವ ಯಂತ್ರವೊಂದನ್ನು ಊಹಿಸಿಕೊಳ್ಳೋಣ. ತಿರುಳಿನಲ್ಲಿ ಮಾಡಿದ ಬದಲಾವಣೆ ಅಳತೆಯಲ್ಲಿ ತೋರಲು 2 ಮಿನಿಟು ಹಿಡಿದರೆ, ಅಷ್ಟರಲ್ಲಿ 1200 ಮೀಟರ್ ಕಾಗದ ಹಿಂದಿನ ದೋಷದೊಡನೆಯೇ ಸುತ್ತಿಕೊಂಡಿರುತ್ತದೆ. ಫಲ ಕಾಣಲಿಲ್ಲವೆಂದು ತಾಳ್ಮೆಗೆಟ್ಟು ಮತ್ತೊಮ್ಮೆ ತಿದ್ದಿದರಂತೂ ತೂಕವು ಹೆಚ್ಚಿನಿಂದ ಕಡಮೆಗೆ, ಕಡಮೆಯಿಂದ ಹೆಚ್ಚಿಗೆ ತೂಗಾಡತೊಡಗುವುದು. ಬಚ್ಚಲಿನಲ್ಲಿ ಬಿಸಿನೀರಿನ ನಲ್ಲಿಯನ್ನು ಅವಸರದಿಂದ ತಿರುಗಿಸಿ ಮೈ ಸುಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತೂಕ ಸರಿಯಾದ ಮಾತ್ರಕ್ಕೆ ಗುಣ ಸರಿಯಾಯಿತೆನ್ನುವಂತಿಲ್ಲ. ತಿರುಳನ್ನು ಹೆಚ್ಚು ಅರೆದಷ್ಟೂ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಹತ್ತಿ, ಹಾಳೆಯು ಎಳೆತವನ್ನು ಚೆನ್ನಾಗಿ ತಾಳುತ್ತದೆ. ಆದರೆ ಒಂದು ಮಿತಿಯನ್ನು ದಾಟಿದ ಮೇಲೆ ಅದೇ ಹಾಳೆ ಅಂಚಿನಿಂದ ಸುಲಭವಾಗಿ ಹರಿಯುವುದು. ನೀರು ಬಸಿಯಲೂ ಹೆಚ್ಚು ಹೊತ್ತು ಬೇಕು. ಬರೆದದ್ದು ಹಿಂಬದಿಗೆ ಕಾಣುವುದು. ಬಿದಿರಿನ ಉದ್ದನೆಯ ಎಳೆ ಹರಿಯುವಿಕೆಯನ್ನು ತಡೆಯುವುದಾದರೆ, ನೀಲಗಿರಿಯ ಗಿಡ್ಡ ಎಳೆ ಹಾಳೆಗೆ ನುಣುಪನ್ನು ಕೊಡುವುದು. 'ಒಳ್ಳೆಯ ಕಾಗದ' ಎಂಬ ಮಾತಿಗೆ, ಯಾವ ಕೆಲಸಕ್ಕೆ ಎಂದು ಕೇಳದೆ ಅರ್ಥವಿಲ್ಲವೆಂದೇ ನಮ್ಮ ಅಭಿಪ್ರಾಯ.

ಗಣಕಗಳ ತಂತ್ರಾಂಶವನ್ನು ರಚಿಸುವವರೂ ಇದೇ ಇಕ್ಕಟ್ಟಿನಲ್ಲಿರುವರು. ಪರೀಕ್ಷೆಯ ಫಲ ತಡವಾಗಿ ಬಂದರೆ ಅಷ್ಟರಲ್ಲಿ ತಪ್ಪಿನ ಮೇಲೆಯೇ ಹೊಸ ಬರೆಹ ಬೆಳೆದಿರುತ್ತದೆ. ಆದುದರಿಂದ ಚಿಕ್ಕ ಪರೀಕ್ಷೆಗಳನ್ನು ಪ್ರತಿಯೊಂದು ಬದಲಾವಣೆಯ ಬಳಿಕವೂ, ದೀರ್ಘವಾದವುಗಳನ್ನು ರಾತ್ರಿಯ ಹೊತ್ತೂ ನಡೆಸುವುದುಂಟು. ಒಂದು ಗುಣಕ್ಕಾಗಿ ಮತ್ತೊಂದನ್ನು ಬಿಟ್ಟುಕೊಡುವುದಕ್ಕೆ 1996ರ ಜೂನ್ 4ರಂದು ಹಾರಿದ ಯೂರೋಪಿನ ಏರಿಯಾನ್-5 ರಾಕೆಟ್ಟು ಉದಾಹರಣೆ. ಅದರ ಚಲನೆಯನ್ನು ಲೆಕ್ಕಹಾಕುವ ಗಣಕದ ಮೇಲೆ ಹೊರೆ ಹೆಚ್ಚಬಾರದೆಂದು, ಮಿತಿಮೀರಬಹುದಾಗಿದ್ದ 7 ರಾಶಿಗಳಲ್ಲಿ 4ಕ್ಕೆ ಮಾತ್ರ ರಕ್ಷಣೆಯನ್ನು ಒದಗಿಸಿದ್ದರು. ಆ ತಂತ್ರಾಂಶ ಏರಿಯಾನ್-4ಕ್ಕಾಗಿ ಸಿದ್ಧವಾದುದು. ಹೊಸ ರಾಕೆಟ್ಟಿನ ಪಥದ ಅಂಕಿಗಳಿಂದ ಅದನ್ನು ಪರೀಕ್ಷಿಸಿರಲಿಲ್ಲ. ರಕ್ಷಣೆಯಿಲ್ಲದ ಒಂದು ರಾಶಿ ಮಿತಿಮೀರಿತು. ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ಟು ಆಕಾಶದಲ್ಲಿಯೇ ಒಡೆದುಹೋಯಿತು.