ವಿದ್ಯುಚ್ಛಕ್ತಿಯ ನಿಲುಗಡೆಗೆ ಪಟ್ಟಣವೂ ಗ್ರಾಮವೂ ಮಾಡಿಕೊಳ್ಳತಕ್ಕ ಮುನ್ನೇರ್ಪಾಡು

ಮಳೆಯು ತಪ್ಪುವ ವರುಷವೂ ಉಂಟೆಂಬುದನ್ನು ಬಲ್ಲ ರೈತನು ಸುಗ್ಗಿಯ ಕಾಲದಲ್ಲಿಯೇ ಹಗೇವಿನಲ್ಲಿ ರಾಗಿಯನ್ನು ತುಂಬಿಡುತ್ತಿದ್ದನು. ಕ್ಷಾಮವು ಬಂದ ಮೇಲೆ ಹಗೇವನ್ನು ತೋಡುವುದರಿಂದ ಪ್ರಯೋಜನವಿಲ್ಲ. ವಿದ್ಯುಚ್ಛಕ್ತಿಯ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುವುದು. ಈಗ ಪಟ್ಟಣದ ಕುಡಿಯುವ ನೀರು, ಆಸ್ಪತ್ರೆ, ದೂರವಾಣಿ, ಹಿಟ್ಟಿನ ಗಿರಣಿ ಇವೆಲ್ಲವೂ, ಗ್ರಾಮದ ಕೊಳವೆ ಬಾವಿ ಹಾಗೂ ಹಾಲಿನ ಡೇರಿಗಳೂ ಒಂದೇ ತಂತಿಯನ್ನು ನೆಚ್ಚಿಕೊಂಡಿವೆ. ಆ ತಂತಿಯಲ್ಲಿ ಶಕ್ತಿಯು ನಿಂತ ದಿನ ಏನು ಮಾಡಬೇಕೆಂಬುದನ್ನು ಶಕ್ತಿಯು ಇರುವ ದಿನದಲ್ಲಿಯೇ ಯೋಚಿಸಿಡತಕ್ಕದ್ದು.

ಪೂರ್ವಚರಿತ್ರೆ

ಮೈಸೂರು ಸೀಮೆಯಲ್ಲಿ ವಿದ್ಯುಚ್ಛಕ್ತಿಯ ಚರಿತ್ರೆಯೇ ಈ ಪಾಠವನ್ನು ಕಲಿಸುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಒಯ್ಯಲಾಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆದರೆ ಬೇಸಿಗೆಯಲ್ಲಿ ಕಾವೇರಿಯ ಹರಿವು ತಗ್ಗಿದಂತೆಲ್ಲ ಶಕ್ತಿಯೂ ತಗ್ಗತೊಡಗಿತು. ಗಣಿಗಳಿಗೆ ವರುಷದ ಎಲ್ಲ ದಿನಗಳಲ್ಲಿಯೂ ಸಮನಾದ ಸರಬರಾಯಿಯು ಬೇಕಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟೆಯ ಉದ್ದೇಶಗಳಲ್ಲಿ, ಹೊಲಗಳಿಗೆ ನೀರೊದಗಿಸುವುದರೊಡನೆ, ಈ ಕೊರತೆಯನ್ನು ನೀಗುವುದೂ ಒಂದಾಗಿತ್ತು. ಮಳೆಗಾಲದ ನೀರನ್ನು ಬೇಸಿಗೆಗೆ ಕೂಡಿಟ್ಟದ್ದರಿಂದ ಶಕ್ತಿಯನ್ನೇ ಕೂಡಿಟ್ಟಂತಾಯಿತು.

ಮುಂದೆ ಶರಾವತಿಯ ಮೇಲೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೆಯಾಯಿತು. ಬಹುಕಾಲ ರಾಜ್ಯವು ನೀರಿನ ಶಕ್ತಿಯೊಂದನ್ನೇ ಅವಲಂಬಿಸಿದ್ದುದರಿಂದ, ಮಳೆಯು ಕೆಟ್ಟ ವರುಷ ದೀಪವೂ ಕೆಡುವಂತಿತ್ತು. 1985ರಲ್ಲಿ ರಾಯಚೂರಿನ ಕಲ್ಲಿದ್ದಲಿನ ಸ್ಥಾವರವೂ, 2000ದಲ್ಲಿ ಕೈಗಾದ ಪರಮಾಣು ಸ್ಥಾವರವೂ ಕೆಲಸಕ್ಕೆ ತೊಡಗಿದವು. ಆ ಬಳಿಕ ಪಾವಗಡದಲ್ಲಿ ರೈತರು ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವ್ಯಾಟಿನ ಸೌರಶಕ್ತಿಯ ಕ್ಷೇತ್ರವು ಏರ್ಪಟ್ಟಿತು. ಆದರೂ 2023ರಲ್ಲಿ ಮುಂಗಾರು ಕೈಕೊಟ್ಟಾಗ ಜಲಾಶಯಗಳು ತುಂಬಲಿಲ್ಲ. ಬಾವಿಯ ನೀರಿಗಾಗಿ ಪಂಪುಗಳ ಓಟವು ಹೆಚ್ಚಿತು. ಪಂಪುಸೆಟ್ಟುಗಳಿಗಿದ್ದ 7 ಗಂಟೆಗಳ ಸರಬರಾಯಿಯು ಆ ವರುಷದ ಅಕ್ಟೋಬರಿನಲ್ಲಿ 5 ಗಂಟೆಗಳಿಗೆ ಇಳಿಯಿತು. ಶಕ್ತಿಯು ಬೇಕಾಗುವ ಕಾಲಕ್ಕೇ ಅದು ಕಡಮೆಯಾಗುವುದೆಂಬುದು ಇದರಿಂದ ಸ್ಪಷ್ಟವಾಗುವುದು.

ನಿಲುಗಡೆಯ ಬಗೆಗಳು

ನಿಲುಗಡೆಯು ಮೂರು ಬಗೆಯದು. ಮೊದಲನೆಯದು, ತಂತಿ ಕಂಬಗಳ ದುರಸ್ತಿಗಾಗಿ ಮುಂಚಿತವಾಗಿ ತಿಳಿಸಿ ಮಾಡುವ ನಿಲುಗಡೆ. ಎರಡನೆಯದು, ಉತ್ಪತ್ತಿಯು ಸಾಲದೆ ಸರದಿಯ ಮೇಲೆ ಮಾಡುವ ಕಡಿತ. ಮೂರನೆಯದು, ಬಿರುಗಾಳಿ ಅಥವಾ ಜಾಲದ ಕುಸಿತದಿಂದ ಹಠಾತ್ತಾಗಿ ಬರುವುದು.

ಮೂರನೆಯದಕ್ಕೆ 2012ರ ಜುಲೈ 30 ಮತ್ತು 31 ನಿದರ್ಶನ. ಆಗ ಉತ್ತರದ ಜಾಲವೂ, ಮರುದಿನ ಅದರೊಡನೆ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಕುಸಿದು, ಅರುವತ್ತು ಕೋಟಿಗೂ ಮಿಗಿಲಾದ ಜನರು ವಾಸಿಸುವ ಪ್ರದೇಶದಲ್ಲಿ ಶಕ್ತಿಯು ನಿಂತಿತು. ದಕ್ಷಿಣದ ಜಾಲವು ಅಂದು ಪ್ರತ್ಯೇಕವಾಗಿ ನಡೆಯುತ್ತಿದ್ದುದರಿಂದ ಈ ಭಾಗವು ಉಳಿಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ ಮಾರ್ಗದ ಮೂಲಕ ದಕ್ಷಿಣವೂ ಉಳಿದ ಜಾಲದೊಡನೆ ಒಂದಾಯಿತು. ಇದರಿಂದ ಕೊರತೆಯ ಕಾಲದಲ್ಲಿ ದೂರದಿಂದ ಶಕ್ತಿಯನ್ನು ತರಿಸಲು ಅನುಕೂಲವಾಯಿತು. ಆದರೆ ದೂರದ ಆಪತ್ತು ಇಲ್ಲಿಗೂ ತಟ್ಟುವ ಸಂಭವವು ಅದರೊಡನೆಯೇ ಬಂದಿತು.

ಪಟ್ಟಣದ ಏರ್ಪಾಡು

ಪಟ್ಟಣದವರು ಮೊದಲು ಮಾಡತಕ್ಕ ಕೆಲಸವೆಂದರೆ ಯಾವುದು ನಿಲ್ಲಕೂಡದು, ಯಾವುದು ಒಂದು ಗಂಟೆ ನಿಲ್ಲಬಹುದು, ಯಾವುದು ಒಂದು ದಿನ ನಿಲ್ಲಬಹುದು ಎಂಬ ಪಟ್ಟಿಯನ್ನು ಬರೆದಿಡುವುದು. ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೊಠಡಿಯೂ ಉಸಿರಾಟದ ಯಂತ್ರವೂ ಕ್ಷಣಕಾಲವೂ ನಿಲ್ಲಕೂಡದು. ನೀರೆತ್ತುವ ಯಂತ್ರ, ಒಳಚರಂಡಿಯ ಪಂಪು, ದೂರವಾಣಿಯ ಗೋಪುರ, ಲಸಿಕೆಯ ಶೀತಪೆಟ್ಟಿಗೆ ಇವು ಅದರ ನಂತರದವು. ಲಸಿಕೆಗಳಲ್ಲಿ ಹೆಚ್ಚಿನವನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡಿನೊಳಗೆ ಇಡಬೇಕಾಗುವುದು. ಅಂಗಡಿಯ ಅಲಂಕಾರದ ದೀಪ, ಜಾಹೀರಾತಿನ ಫಲಕ ಮುಂತಾದವು ಎಲ್ಲಕ್ಕೂ ಕಡೆಯವು.

ಬೆಂಗಳೂರಿನ ನೀರಿನ ಸ್ಥಿತಿಯನ್ನು ನೋಡಿದರೆ ಇದರ ಮಹತ್ವವು ತಿಳಿಯುವುದು. ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ, ಸುಮಾರು 100 ಕಿಲೋಮೀಟರ್ ದೂರ ಸಾಗಿಸಿ ನಗರಕ್ಕೆ ತರುತ್ತಾರೆ. ಶಕ್ತಿಯು ನಿಂತರೆ ನೀರೂ ನಿಲ್ಲುವುದು. ಆದುದರಿಂದ ಇಂಥ ಸ್ಥಾವರಕ್ಕೆ ಎರಡು ಕಡೆಗಳಿಂದ ಸರಬರಾಯಿಯ ಮಾರ್ಗವಿರುವುದೂ, ನಗರದೊಳಗಿನ ತೊಟ್ಟಿಗಳು ತುಂಬಿರುವುದೂ, ಬಡಾವಣೆಗಳ ಹಳೆಯ ಬಾವಿಗಳನ್ನು ಮುಚ್ಚದೆ ಶುದ್ಧವಾಗಿಡುವುದೂ, ಮಳೆಯ ನೀರನ್ನು ಮನೆಯಲ್ಲಿ ಹಿಡಿದಿಡುವುದೂ ಅತ್ಯಗತ್ಯ.

ಎರಡನೆಯ ಉಪಾಯವು ವೆಚ್ಚವನ್ನು ತಗ್ಗಿಸುವುದು. 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಶಕ್ತಿಯಿರುವುದು. ಬ್ಯಾಟರಿಯು ಕೆಡದಂತೆ ಬಳಸಲು ಸಿಕ್ಕುವುದು ಅದರ ಅರ್ಧ, ಎಂದರೆ 0.9 ಯೂನಿಟ್. 60 ವ್ಯಾಟಿನ ಹಳೆಯ ಬಲ್ಬುಗಳು ಹತ್ತು ಉರಿದರೆ ಅದು ಒಂದೂವರೆ ಗಂಟೆಗೆ ಮುಗಿಯುವುದು. ಹೆಚ್ಚುಕಡಮೆ ಅಷ್ಟೇ ಬೆಳಕನ್ನು ಕೊಡುವ 9 ವ್ಯಾಟಿನ ಎಲ್.ಇ.ಡಿ. ದೀಪಗಳು ಹತ್ತು ಉರಿದರೆ ಹತ್ತು ಗಂಟೆ ಬರುವುದು. ಬ್ಯಾಟರಿಯನ್ನು ದೊಡ್ಡದು ಮಾಡುವುದಕ್ಕಿಂತ ದೀಪವನ್ನು ಬದಲಾಯಿಸುವುದು ಅಗ್ಗ.

ಮಾಳಿಗೆಯ ಮೇಲೆ ಸೌರಫಲಕಗಳಿದ್ದರೆ ನಿಲುಗಡೆಯ ಚಿಂತೆಯಿಲ್ಲವೆಂದು ಅನೇಕರು ಭಾವಿಸಿರುವರು. ಇದು ತಪ್ಪು. ಬ್ಯಾಟರಿಯಿಲ್ಲದೆ ಬೀದಿಯ ತಂತಿಗೆ ಜೋಡಿಸಿದ ಸಾಧಾರಣ ಸೌರವ್ಯವಸ್ಥೆಯು, ತಂತಿಯಲ್ಲಿ ಶಕ್ತಿಯು ನಿಂತೊಡನೆ ತಾನೂ ನಿಲ್ಲುವಂತೆ ಮಾಡಲ್ಪಟ್ಟಿದೆ. ತಂತಿಯನ್ನು ದುರಸ್ತಿ ಮಾಡುತ್ತಿರುವ ಕೆಲಸಗಾರನ ಪ್ರಾಣರಕ್ಷಣೆಗಾಗಿ ಈ ನಿಯಮ. ನಿಲುಗಡೆಯಲ್ಲಿಯೂ ನಡೆಯಬೇಕಾದರೆ ಬ್ಯಾಟರಿಯೂ, ಮನೆಯನ್ನು ತಂತಿಯಿಂದ ಬೇರ್ಪಡಿಸುವ ಯಂತ್ರವೂ ಇರಬೇಕು. ಸೂರ್ಯಾಸ್ತದ ನಂತರ ಪಟ್ಟಣದ ದೀಪಗಳು ಹೊತ್ತುವಾಗ ಸೌರಕ್ಷೇತ್ರವು ಸುಮ್ಮನಾಗುವುದರಿಂದ, ಹಗಲಿನ ಶಕ್ತಿಯನ್ನು ರಾತ್ರಿಗೆ ಕೂಡಿಡುವುದು ರಾಜ್ಯದ ಮಟ್ಟದಲ್ಲಿಯೂ ಮುಖ್ಯವಾದ ಪ್ರಶ್ನೆಯಾಗಿದೆ.

ಗ್ರಾಮದ ಏರ್ಪಾಡು

ಪಟ್ಟಣದ ಹಾಲು ತರಕಾರಿಗಳು ಗ್ರಾಮದಿಂದಲೇ ಹೋಗುವುವು. ಗ್ರಾಮದಲ್ಲಿ ಹಾಲನ್ನು ತಣಿಸುವ ಯಂತ್ರವು ನಿಂತರೆ ಮರುದಿನ ಪಟ್ಟಣದ ಮಕ್ಕಳಿಗೆ ಹಾಲಿಲ್ಲ, ರೈತನಿಗೆ ಬಟವಾಡೆಯೂ ಇಲ್ಲ. ಕರೆದ ಹಾಲನ್ನು ಬೇಗನೆ 4 ಡಿಗ್ರಿಗೆ ತಣಿಸಬೇಕಾದುದರಿಂದ, ಶೀತಯಂತ್ರವಿರುವ ಪ್ರತಿಯೊಂದು ಸಂಘದಲ್ಲಿಯೂ ಡೀಸೆಲ್ ಜನರೇಟರು ಇದ್ದು, ವಾರಕ್ಕೊಮ್ಮೆ ಅದನ್ನು ನಡೆಸಿ ನೋಡತಕ್ಕದ್ದು.

ಕುಡಿಯುವ ನೀರು: ಜಲಜೀವನ ಯೋಜನೆಯ ಪ್ರಮಾಣದಂತೆ ತಲೆಗೆ ದಿನಕ್ಕೆ 55 ಲೀಟರ್. 2,000 ಜನಸಂಖ್ಯೆಯ ಊರಿಗೆ 1,10,000 ಲೀಟರ್ ಬೇಕು. 50,000 ಲೀಟರಿನ ಮೇಲ್ತೊಟ್ಟಿಯು ಅರ್ಧ ದಿನಕ್ಕೂ ಸಾಲದು. ಆದರೆ ನಿಲುಗಡೆಯ ದಿನ ಕುಡಿಯುವುದು, ಅಡುಗೆ ಮತ್ತು ಅವಶ್ಯ ಶುಚಿತ್ವಕ್ಕಾಗಿ ತಲೆಗೆ 15 ಲೀಟರಿನಂತೆ ಹಂಚಿದರೆ ಅದೇ ನೀರು ಒಂದೂವರೆ ದಿನಕ್ಕೆ ಮಿಗಿಲಾಗಿ ಬರುವುದು. ಇದಕ್ಕೆ ಬೇಕಾದುದು ಎರಡು: ತೊಟ್ಟಿಯು ಪ್ರತಿ ಸಂಜೆ ತುಂಬಿರಬೇಕು, ಮತ್ತು ನೀರುಗಂಟಿಗೆ ಯಾವ ಬೀದಿಗೆ ಎಷ್ಟು ಹೊತ್ತು ಬಿಡಬೇಕೆಂಬ ನಿಶ್ಚಯವಾದ ಆಜ್ಞೆಯಿರಬೇಕು. ದನಕರುಗಳ ತೊಟ್ಟಿಗೆ ಕೈಪಂಪನ್ನಾಗಲಿ ತೆರೆದ ಬಾವಿಯನ್ನಾಗಲಿ ಸುಸ್ಥಿತಿಯಲ್ಲಿಡಬೇಕು.

ಪೈರಿನ ನೀರು: ಒಂದು ಎಕರೆಗೆ ಒಂದು ಅಂಗುಲ ನೀರೆಂದರೆ ಸುಮಾರು 1,03,000 ಲೀಟರ್. ಸೆಕೆಂಡಿಗೆ 2 ಲೀಟರ್ ಕೊಡುವ ಕೊಳವೆ ಬಾವಿಯು 7 ಗಂಟೆಗಳಲ್ಲಿ 50,400 ಲೀಟರ್ ಕೊಡುವುದು. 5 ಗಂಟೆಗಳಲ್ಲಿ 36,000 ಮಾತ್ರ. ಎಂದರೆ ಹನ್ನೆರಡು ದಿನಗಳ ಸುತ್ತಿನಲ್ಲಿ ಆರು ಎಕರೆಗೆ ಅಂಗುಲ ನೀರುಣಿಸುತ್ತಿದ್ದ ಬಾವಿಯು ನಾಲ್ಕು ಎಕರೆಗಿಂತ ಹೆಚ್ಚಿಗೆ ಉಣಿಸಲಾರದು. ಉಳಿದೆರಡು ಎಕರೆಯ ಪೈರು ಹೂವಿನ ಕಾಲದಲ್ಲಿ ಬಾಡುವುದು. ಬೀಜ, ಗೊಬ್ಬರ, ಕೂಲಿಗಳೆಲ್ಲವೂ ನಷ್ಟ. ಆದುದರಿಂದ ಬೇಸಿಗೆಯ ಪೈರಿನ ವಿಸ್ತೀರ್ಣವನ್ನು ಹೆಚ್ಚಿನ ಗಂಟೆಗಳ ಆಸೆಯ ಮೇಲೆ ನಿಶ್ಚಯಿಸದೆ, ಕಡಮೆ ಗಂಟೆಗಳ ಲೆಕ್ಕದ ಮೇಲೆ ನಿಶ್ಚಯಿಸುವುದು ವಿವೇಕ. ಹನಿ ನೀರಾವರಿಯಿಂದಲೂ, ಬುಡಕ್ಕೆ ತರಗು ಹೊದಿಸುವುದರಿಂದಲೂ ಇದ್ದ ನೀರು ಹೆಚ್ಚು ದಿನ ಬರುವುದು.

ಕೃಷಿ ಹೊಂಡ: ಮೇಲ್ಭಾಗದಲ್ಲಿ 21 ಮೀಟರ್ ಚದರ, 3 ಮೀಟರ್ ಆಳ, ಒಂದಕ್ಕೊಂದು ಇಳಿಜಾರಿನ ಹೊಂಡದಲ್ಲಿ ಸುಮಾರು 9,80,000 ಲೀಟರ್ ನೀರು ನಿಲ್ಲುವುದು. ಇದು ಒಂಬತ್ತು ಎಕರೆಗಳಿಗೆ ಒಂದೊಂದು ಅಂಗುಲದ ಸಂರಕ್ಷಕ ನೀರು. ದಿನಕ್ಕೆ 6 ಮಿಲಿಮೀಟರ್ ಆವಿಯಾದರೆ ಸುಮಾರು 2,600 ಲೀಟರ್ ಹೋಗುವುದು. ತಳದಲ್ಲಿ ಇಂಗುವುದು ಇದಕ್ಕೂ ಹೆಚ್ಚಾಗಬಹುದಾದುದರಿಂದ ಮರಳುಭೂಮಿಯಲ್ಲಿ ತಳಕ್ಕೆ ಹಾಳೆಯನ್ನು ಹಾಸಬೇಕು. ಮಕ್ಕಳೂ ದನಗಳೂ ಬೀಳದಂತೆ ಸುತ್ತಲೂ ಬೇಲಿಯನ್ನು ತಪ್ಪದೆ ಹಾಕತಕ್ಕದ್ದು.

ಟ್ರಾನ್ಸ್‌ಫಾರ್ಮರಿನ ರಕ್ಷಣೆ

ಎಷ್ಟೋ ಗ್ರಾಮಗಳಲ್ಲಿ ಸರದಿಯ ಕಡಿತಕ್ಕಿಂತ ಸುಟ್ಟ ಟ್ರಾನ್ಸ್‌ಫಾರ್ಮರಿನಿಂದಲೇ ಹೆಚ್ಚು ದಿನ ಪಂಪು ನಿಲ್ಲುವುದು. 5 ಅಶ್ವಶಕ್ತಿಯ ಮೋಟಾರು ಸುಮಾರು 6 ಕೆ.ವಿ.ಎ. ಹೊರೆಯನ್ನು ಹಾಕುವುದು. 63 ಕೆ.ವಿ.ಎ. ಟ್ರಾನ್ಸ್‌ಫಾರ್ಮರು ಅಂಥವನ್ನು ಸುಮಾರು ಹತ್ತು ಮಾತ್ರ ಹೊರಬಲ್ಲದು. ಮೋಟಾರು ಹೊರಡುವ ಕ್ಷಣದಲ್ಲಿ ಓಡುವಾಗಿನ ಐದಾರು ಪಾಲು ವಿದ್ಯುತ್ತನ್ನು ಎಳೆಯುವುದು. ಶಕ್ತಿಯು ಬಂದೊಡನೆ ಎಲ್ಲ ಆಟೋ ಸ್ಟಾರ್ಟರುಗಳೂ ಒಟ್ಟಿಗೆ ಚಾಲೂ ಆದರೆ ಟ್ರಾನ್ಸ್‌ಫಾರ್ಮರು ತಾಳಲಾರದು. ಒಂದು ಟ್ರಾನ್ಸ್‌ಫಾರ್ಮರಿನ ಹಿಡುವಳಿದಾರರು ಕೂಡಿ, ಒಬ್ಬರ ಪಂಪು ಹೊರಟ ಕೆಲವು ನಿಮಿಷಗಳ ನಂತರ ಮತ್ತೊಬ್ಬರದು ಹೊರಡುವಂತೆ ಕ್ರಮವನ್ನು ಗೊತ್ತುಮಾಡಿಕೊಂಡರೆ ಎಲ್ಲರಿಗೂ ಕ್ಷೇಮ. ಪ್ರತಿ ಮೋಟಾರಿಗೂ ತಕ್ಕ ಕೆಪಾಸಿಟರನ್ನು ಕೂಡಿಸಬೇಕು. ಅನುಮತಿಯಿಲ್ಲದೆ ತಂತಿಗೆ ಕೊಕ್ಕೆ ಹಾಕುವವನು ಸರ್ಕಾರದ ಶಕ್ತಿಯೊಡನೆ ನೆರೆಯವನ ಪೈರನ್ನೂ ಕದ್ದಂತೆಯೇ ಸರಿ.

ಅಪಾಯದ ಎಚ್ಚರಿಕೆ

ಜನರೇಟರನ್ನು ಮನೆಯ ತಂತಿಗೆ ನೇರವಾಗಿ ಜೋಡಿಸಕೂಡದು. ಅದರ ಶಕ್ತಿಯು ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಹೆಚ್ಚಿನ ಒತ್ತಡವನ್ನು ಹೊಂದಿ, ಕಂಬದ ಮೇಲಿರುವ ಕೆಲಸಗಾರನನ್ನು ಕೊಲ್ಲಬಲ್ಲದು. ಬೀದಿಯ ತಂತಿಯನ್ನು ಪೂರ್ತಿಯಾಗಿ ಬೇರ್ಪಡಿಸುವ ಚೇಂಜ್ ಓವರ್ ಸ್ವಿಚ್ಚನ್ನು ಬಲ್ಲವರಿಂದ ಹಾಕಿಸಿಯೇ ಬಳಸತಕ್ಕದ್ದು. ಎಂಜಿನಿನ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಾಯುವಿರುವುದರಿಂದ ಮುಚ್ಚಿದ ಕೊಠಡಿಯಲ್ಲಿ ಅದನ್ನು ಎಂದಿಗೂ ನಡೆಸಕೂಡದು. ಹರಿದು ಬಿದ್ದ ತಂತಿಯನ್ನು, ಶಕ್ತಿಯಿಲ್ಲವೆಂದು ಊಹಿಸಿ ಯಾರೂ ಮುಟ್ಟಬಾರದು.

ಸಾರಾಂಶ

1. ಗ್ರಾಮ ಪಂಚಾಯಿತಿಯಲ್ಲಿ ನಿಲ್ಲಕೂಡದ ಕೆಲಸಗಳ ಪಟ್ಟಿಯನ್ನು ಬರೆದು, ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರನನ್ನು ಹೆಸರಿಸುವುದು.

2. ಮಳೆಗಾಲದ ಮುಂಚೆ ತಂತಿಗೆ ತಾಗುವ ಕೊಂಬೆಗಳನ್ನೂ, ವಾಲಿದ ಕಂಬಗಳನ್ನೂ ಗುರುತಿಸಿ ವಿದ್ಯುತ್ ಕಚೇರಿಗೆ ಬರೆದು ತಿಳಿಸುವುದು. ಕೊಂಬೆಯನ್ನು ತಾವೇ ಕಡಿಯಹೋಗದಿರುವುದು.

3. ಬೇಸಿಗೆಯ ಮುಂಚೆ ತೊಟ್ಟಿ, ಕೈಪಂಪು, ಬಾವಿ, ಜನರೇಟರುಗಳನ್ನು ಪರೀಕ್ಷಿಸುವುದು.

4. ಔಷಧಕ್ಕಾಗಿ ಅಥವಾ ಉಸಿರಾಟದ ಯಂತ್ರಕ್ಕಾಗಿ ವಿದ್ಯುತ್ತನ್ನು ನೆಚ್ಚಿದ ರೋಗಿಗಳ ಮನೆಗಳನ್ನು ಮೊದಲೇ ತಿಳಿದಿದ್ದು, ನಿಲುಗಡೆಯಾದೊಡನೆ ವಿಚಾರಿಸುವುದು.

5. ಅನುಕೂಲಸ್ಥರಾದ ಹಿಡುವಳಿದಾರರು ಕೃಷಿ ಹೊಂಡವನ್ನಾಗಲಿ ಸೌರ ಪಂಪನ್ನಾಗಲಿ ಮಾಡಿಕೊಂಡು ನೆರೆಯವರಿಗೆ ಮಾದರಿಯಾಗುವುದು. ಸೌರ ಪಂಪುಗಳಿಗೆ 2019ರಲ್ಲಿ ಆರಂಭವಾದ ಕೇಂದ್ರದ ಕುಸುಮ್ ಯೋಜನೆಯಲ್ಲಿ ಸಹಾಯಧನದ ಏರ್ಪಾಡು ಮಾಡಲ್ಪಟ್ಟಿತು.

ಇವುಗಳಲ್ಲಿ ಹೆಚ್ಚಿನವಕ್ಕೆ ಹಣಕ್ಕಿಂತ ಒಗ್ಗಟ್ಟೂ ಮುಂದಾಲೋಚನೆಯೂ ಮುಖ್ಯ. ಒಂದು ಊರಿನಲ್ಲಿ ತೊಟ್ಟಿಯು ತುಂಬಿದ್ದು, ಪಂಪುಗಳು ಸರದಿಯಂತೆ ಹೊರಡುತ್ತಿದ್ದು, ಪೈರು ನೀರಿನ ಅಳತೆಗೆ ತಕ್ಕಷ್ಟಿದ್ದರೆ, ಒಂದೆರಡು ದಿನ ದೀಪವು ಆರಿದರೂ ಆ ಊರಿನ ಒಲೆಯು ಆರುವುದಿಲ್ಲ.