ಹಸಿರಿನ ಮೇಲೆ ಕಲಿತದ್ದು: ಲಾನ್ ಬೌಲ್ಸ್ ಆಟಗಾರ್ತಿಯ ಪಾಠಗಳು

ಮೆಲ್ಬರ್ನ್‌ನ ಕ್ಲಬ್ಬೊಂದರಲ್ಲಿ ನಾನು ಶನಿವಾರದ ಪಂದ್ಯಗಳಿಗೆ ಲೀಡ್, ಅಂದರೆ ತಂಡದಲ್ಲಿ ಮೊದಲು ಬೌಲ್ ಬಿಡುವವಳು. ದೇಶದ ಪರ ಆಡಿದವಳಲ್ಲ. ಆದರೆ ಈ ಊರಲ್ಲಿ ಕ್ಲಬ್ ಪಂದ್ಯಕ್ಕೂ ಅಂತಾರಾಷ್ಟ್ರೀಯ ಆಟಗಾರ್ತಿಯರು ಬರುತ್ತಾರೆ, ಅವರೆದುರು ಸೋತು ಕಲಿಯುವ ಭಾಗ್ಯ ನಮ್ಮಂಥವರಿಗೂ ಸಿಗುತ್ತದೆ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಲಾನ್ ಬೌಲ್ಸ್‌ನ ನಾಲ್ವರ ಆಟದಲ್ಲಿ ಭಾರತದ ಮಹಿಳೆಯರು ಚಿನ್ನ ಗೆದ್ದ ಮೇಲೆ ಭಾರತದಿಂದ ಹುಡುಗಿಯರು ವಿಚಾರಿಸತೊಡಗಿದರು. ಅವರಿಗೆ ಹೇಳುವ ಮಾತುಗಳಿವು.

1. ದಿಕ್ಕು ಬೇಗ ಬರುತ್ತದೆ, ವೇಗ ಬರುವುದಿಲ್ಲ. ಬೌಲ್ ಪೂರ್ತಿ ದುಂಡಗಿಲ್ಲ. ಒಂದು ಬದಿಯ ಆಕಾರದಲ್ಲೇ ವಾಲು ಇಟ್ಟಿರುತ್ತಾರೆ, ವೇಗ ಇಳಿದಷ್ಟೂ ಅದು ಆ ಕಡೆಗೆ ಬಾಗುತ್ತದೆ. ಆ ಬಾಗನ್ನು ಲೆಕ್ಕಹಾಕಿ ಬಿಡುವುದನ್ನು ಕೆಲವೇ ವಾರಗಳಲ್ಲಿ ಕಲಿಯಬಹುದು. ಒಂದೂವರೆ ಕಿಲೋ ತೂಗುವ ಬೌಲನ್ನು ಇಪ್ಪತ್ತೈದು-ಮೂವತ್ತು ಮೀಟರ್ ಉರುಳಿಸಿ ಜ್ಯಾಕ್ ಎಂಬ ಪುಟ್ಟ ಚೆಂಡಿನ ಪಕ್ಕ ಗೇಣು ದೂರದಲ್ಲಿ ನಿಲ್ಲಿಸುವುದು ಬೇರೆಯೇ ವಿದ್ಯೆ. ಗೋಲಿಯಾಡಿದ ಕೈಗೆ ಹೊಡೆಯುವ ಚಟ ಇರುತ್ತದೆ. ಅದನ್ನು ಮೊದಲು ಬಿಡಿಸಿಕೊಳ್ಳಿ.

2. ಹುಲ್ಲು ಬದಲಾದರೆ ಕೈಯೂ ಬದಲಾಗಬೇಕು. ಅಂಕಣದ ವೇಗವನ್ನು ಸೆಕೆಂಡುಗಳಲ್ಲಿ ಅಳೆಯುತ್ತಾರೆ: ಆಟಗಾರ್ತಿ ನಿಲ್ಲುವ ಮ್ಯಾಟಿನಿಂದ ಬಿಟ್ಟ ಬೌಲ್ 27 ಮೀಟರ್ ದೂರದಲ್ಲಿ ಬಂದು ನಿಲ್ಲಲು ಹಿಡಿಯುವ ಸಮಯ. ಕೇಳಿದವರೆಲ್ಲ ತಪ್ಪುವುದು ಇಲ್ಲೇ. ಸೆಕೆಂಡು ಹೆಚ್ಚಾದಷ್ಟೂ ಅಂಕಣ ವೇಗದ್ದು, ಏಕೆಂದರೆ ಅಲ್ಲಿ ಮೆಲ್ಲನೆ ಬಿಟ್ಟರೂ ಬೌಲ್ ಉರುಳುತ್ತಲೇ ಇರುತ್ತದೆ, ಅಗಲವಾಗಿ ಬಾಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹದಿನೈದು ದಾಟುವುದು ಸಾಮಾನ್ಯ. ಇಂಗ್ಲೆಂಡಿನ ತೇವದ, ಒತ್ತಾದ ಹುಲ್ಲಿನಲ್ಲಿ ಹತ್ತು-ಹನ್ನೆರಡು. ಅಲ್ಲಿ ತೋಳಿನ ಬಲ ಬೇಕು, ಬಾಗು ಕಿರಿದು. ನ್ಯೂಜಿಲೆಂಡಿನ ಜೋ ಎಡ್ವರ್ಡ್ಸ್ ಕಾಮನ್‌ವೆಲ್ತ್ ಕೂಟಗಳಲ್ಲಿ 2002ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಜೋಡಿ ಚಿನ್ನ, 2014ರಲ್ಲಿ ಗ್ಲಾಸ್ಗೋದಲ್ಲಿ ಸಿಂಗಲ್ಸ್ ಚಿನ್ನ, 2018ರಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿ ಮತ್ತೆ ಸಿಂಗಲ್ಸ್ ಚಿನ್ನ ಗೆದ್ದರು. ಹದಿನಾರು ವರ್ಷ, ಎರಡು ಜಾತಿಯ ಹುಲ್ಲು. ನನ್ನ ಮಟ್ಟಿಗೆ ಪದಕಗಳಿಗಿಂತ ಇದು ದೊಡ್ಡದು.

3. ಲೀಡ್ ಆಡುವುದಕ್ಕೆ ನಾಚಬೇಡಿ. ಎರಡೂ ತಂಡ ತಮ್ಮ ಬೌಲ್‌ಗಳನ್ನೆಲ್ಲ ಬಿಟ್ಟು ಮುಗಿಸುವ ಒಂದು ಸರದಿಯೇ ಎಂಡ್. ಅದು ಶುರುವಾಗುವುದೇ ಲೀಡ್ ಉರುಳಿಸುವ ಜ್ಯಾಕ್‌ನಿಂದ. ಮ್ಯಾಟಿನಿಂದ ಅದು ಕನಿಷ್ಠ 23 ಮೀಟರ್ ಹೋಗಬೇಕು. ಎದುರಾಳಿಗೆ ಯಾವ ದೂರ ಒಗ್ಗುವುದಿಲ್ಲವೋ ಅಲ್ಲಿಗೇ ಕಳಿಸಬೇಕು. ಆಮೇಲೆ ನಿಮ್ಮ ಎರಡು ಬೌಲ್. ಎಂಡ್ ಮುಗಿಯುವ ಹೊತ್ತಿಗೆ ಅವನ್ನು ಎಲ್ಲರೂ ಮರೆತಿರುತ್ತಾರೆ, ಚಪ್ಪಾಳೆ ಕೊನೆಗೆ ಆಡುವ ನಾಯಕಿಗೆ, ಅಂದರೆ ಸ್ಕಿಪ್‌ಗೆ ಹೋಗುತ್ತದೆ. ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಭಾರತದ ಲೀಡ್ ಲವ್ಲಿ ಚೌಬೆ, ಆಗ ಜಾರ್ಖಂಡ್ ಪೊಲೀಸ್ ಕಾನ್‌ಸ್ಟೇಬಲ್, ಮೊದಲು ಓಟಗಾರ್ತಿ. ಥರ್ಡ್ ಆಡಿದ ಅಸ್ಸಾಮಿನ ನಯನಮೋನಿ ಸೈಕಿಯಾ ಮೊದಲು ವೇಟ್‌ಲಿಫ್ಟರ್. ಸೆಕೆಂಡ್ ಪಿಂಕಿ ಆಗ ದೆಹಲಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ, ಸ್ಕಿಪ್ ರೂಪಾ ರಾಣಿ ತಿರ್ಕಿ ಜಾರ್ಖಂಡಿನ ಕ್ರೀಡಾಧಿಕಾರಿ. ಎಳವೆಯಿಂದ ಆಡಿದವರಿಗೇ ಈ ಆಟ ಒಲಿಯುತ್ತದೆ ಎಂದು ಯಾರಾದರೂ ಹೇಳಿದರೆ ಇವರ ಹೆಸರು ಹೇಳಿ.

4. ಸೋಲುವ ಎಂಡನ್ನು ಒಂದೇ ಅಂಕಕ್ಕೆ ಸೋಲಿ. ನಾಲ್ವರ ಆಟದಲ್ಲಿ ಒಂದು ತಂಡದ ಕೈಯಲ್ಲಿ ಎಂಟು ಬೌಲ್. ಎದುರಾಳಿಯ ಅತಿ ಹತ್ತಿರದ ಬೌಲಿಗಿಂತ ಜ್ಯಾಕ್‌ಗೆ ಹತ್ತಿರ ನಿಂತ ಪ್ರತಿ ಬೌಲಿಗೂ ಒಂದು ಅಂಕ. ಲೆಕ್ಕಕ್ಕೆ ಎಂಟೂ ಒಂದೇ ಎಂಡಿನಲ್ಲಿ ಅಂಕವಾಗಬಹುದು. ಎದುರಾಳಿಯ ನಾಲ್ಕು ಬೌಲ್ ಜ್ಯಾಕ್ ಸುತ್ತ ಕೂತಿರುವಾಗ ಅವನ್ನೆಲ್ಲ ಚದುರಿಸುವಂತೆ ರಭಸದ ಡ್ರೈವ್ ಹೊಡೆಯುವ ಆಸೆ ಹುಟ್ಟುತ್ತದೆ, ನೋಡುವವರಿಗೂ ಅದೇ ಬೇಕು. ಅನುಭವಸ್ಥ ಸ್ಕಿಪ್ ಹಾಗೆ ಮಾಡುವುದು ಅಪರೂಪ. ಸದ್ದಿಲ್ಲದೆ ಎರಡನೆಯ ಸ್ಥಾನಕ್ಕೆ ಬೌಲ್ ತಂದು ನಿಲ್ಲಿಸಿ ಮೂರು ಅಂಕ ಉಳಿಸುತ್ತಾಳೆ. ಸ್ಕೋರ್‌ಕಾರ್ಡ್ ನೋಡಿದವರಿಗೆ ಅದು ಸೋತ ಎಂಡ್. ಮ್ಯಾಟ್ ಮೇಲೆ ನಿಂತವರಿಗೆ ಮಾತ್ರ ಅದರ ಬೆಲೆ ಗೊತ್ತು.

ಸೋಲನ್ನು ಸಹಿಸಿ ಮುಂದೆ ಗೆಲ್ಲುವುದೂ ಹೀಗೆಯೇ. ಭಾರತದ ತಂಡ ಬರ್ಮಿಂಗ್‌ಹ್ಯಾಮ್ ಕೂಟದ ಮೊದಲ ಪಂದ್ಯವನ್ನೇ ಇಂಗ್ಲೆಂಡಿಗೆ ಸೋತಿತ್ತು. ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡನ್ನು ಹಿಂದಿನಿಂದ ಬಂದು 16-13ರಲ್ಲಿ ಮಣಿಸಿತು. ಆಗಸ್ಟ್ 2ರಂದು ಲೆಮಿಂಗ್ಟನ್ ಸ್ಪಾದ ವಿಕ್ಟೋರಿಯಾ ಪಾರ್ಕ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಫೈನಲ್‌ನಲ್ಲಿ ಮುನ್ನಡೆ ಕೈಜಾರಿ 10-10 ಆಯಿತು, ಆಮೇಲೆ 17-10. ಆ ಕೊನೆಯ ಎಂಡ್‌ಗಳ ವಿಡಿಯೊ ನೋಡುವಾಗ ಅಂಕ ಬಿಡಿ, ಬೌಲ್ ಬಿಟ್ಟಾದ ಮೇಲೆ ಅವರ ಕಾಲು ನೋಡಿ.

5. ಮೊಣಕಾಲು ನೋಡಿಕೊಳ್ಳಿ. ‘ಮುದುಕರ ಆಟ’ ಎನ್ನುವವರು ಒಂದು ದಿನ ಎರಡು ಪಂದ್ಯ ಬಾಗಿ ಎದ್ದು ನೋಡಲಿ.

6. ಚಾಕ್ ಜೇಬಿನಲ್ಲಿರಲಿ. ಉರುಳಿ ಬಂದು ಜ್ಯಾಕ್ ಮುಟ್ಟಿದ ಬೌಲ್ ‘ಟಚರ್’. ಆಮೇಲೆ ಅದು ಅಂಕಣದಂಚಿನ ಕಾಲುವೆಗೆ ಬಿದ್ದರೂ ಲೆಕ್ಕದಲ್ಲಿರುತ್ತದೆ, ಮುಟ್ಟದೆ ಬಿದ್ದದ್ದು ಸತ್ತಂತೆ. ಗುರುತು ಹಾಕುವುದು ಮುಂದಿನ ಬೌಲ್ ನಿಲ್ಲುವುದರೊಳಗೆ ಆಗಬೇಕು. ಇನ್ನು ಯಾವ ಬೌಲ್ ಹತ್ತಿರ ಎಂಬ ಅಳತೆ ಎರಡೂ ತಂಡಗಳ ಥರ್ಡ್‌ಗಳ ಕೆಲಸ. ಇಬ್ಬರೂ ಒಪ್ಪುವವರೆಗೆ ಯಾವ ಬೌಲನ್ನೂ ಎತ್ತಬೇಡಿ, ಎಷ್ಟೇ ಸ್ಪಷ್ಟವಾಗಿ ಕಂಡರೂ.